ಕೋಶದೊಳಗೆ ನೀರು ಬರುವುದು, ಹೋಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಕೋಶ, ಪೊರೆ, ಉಪ್ಪು, ಒತ್ತಡ ಅಂತ ಮಾತು ಶುರುವಾದರೆ ಸಾಕು, ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಸಾಲಾಗಿ ಓದಲೇಬೇಕು ಅಂತೇನಿಲ್ಲ, ಬೇಕಾದ ಉತ್ತರಕ್ಕೆ ನೇರವಾಗಿ ಹೋಗಬಹುದು.

## ಮೊದಲಿಗೆ ಕೇಳುವಂಥವು

ಅಭಿಸರಣ ಅಂದ್ರೆ ಏನು? ವಿಸರಣಕ್ಕೂ ಅದಕ್ಕೂ ಏನು ವ್ಯತ್ಯಾಸ?

ನೀರಿಗೆ ಒಂದು ಹನಿ ಬಣ್ಣ ಬಿಟ್ಟರೆ ಅದು ಯಾರೂ ಕಲಕದೆ ತಾನಾಗಿ ಹರಡುತ್ತದೆ. ಅದು ವಿಸರಣ. ಈಗ ನಡುವೆ ಒಂದು ಪೊರೆ ಇದೆ ಅಂದುಕೊಳ್ಳಿ. ಅದು ನೀರನ್ನು ದಾಟಲು ಬಿಡುತ್ತದೆ, ಸಕ್ಕರೆಯನ್ನು ಬಿಡುವುದಿಲ್ಲ. ಒಂದು ಕಡೆ ಬರೀ ನೀರು, ಇನ್ನೊಂದು ಕಡೆ ಸಕ್ಕರೆ ನೀರು. ಸಕ್ಕರೆ ಆಚೆ ಹೋಗಲಾರದು, ಹಾಗಾಗಿ ನೀರೇ ಸಕ್ಕರೆ ಇರುವ ಕಡೆಗೆ ಬರುತ್ತದೆ. ಇದು ಅಭಿಸರಣ, ಅಂದರೆ ಆಸ್ಮೋಸಿಸ್.

ಇದನ್ನು ಮೊದಲು ಗಮನಿಸಿ ಬರೆದಿಟ್ಟವರು ಫ್ರಾನ್ಸಿನ ಜಾನ್-ಆಂಟ್ವಾನ್ ನೊಲೆ, 1748ರಲ್ಲಿ. ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಚರ್ಮ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟರು. ಕೆಲವು ಗಂಟೆಗಳಲ್ಲಿ ಆ ಚರ್ಮ ಉಬ್ಬಿ ಬಿಗಿಯಾಯಿತು, ಸೂಜಿ ಚುಚ್ಚಿದಾಗ ಒಳಗಿನದು ಚಿಮ್ಮಿತು. ಅಷ್ಟು ಒತ್ತಡ ತಾನಾಗಿಯೇ ಕಟ್ಟಿಕೊಂಡಿತ್ತು.

ನೀರು ಜಾಸ್ತಿ ಸಾಂದ್ರತೆಯಿಂದ ಕಡಿಮೆಗೆ ಹೋಗುತ್ತಾ, ಉಲ್ಟಾನಾ? ಒಂದೊಂದು ಪುಸ್ತಕ ಒಂದೊಂದು ಹೇಳುತ್ತೆ.

ಎರಡೂ ಒಂದೇ ಮಾತು. ಒಂದು ಪುಸ್ತಕ ನೀರಿನ ಸಾಂದ್ರತೆ ಹೇಳುತ್ತದೆ, ಇನ್ನೊಂದು ಕರಗಿದ ವಸ್ತುವಿನದ್ದು. ಹೀಗೆ ನೆನಪಿಟ್ಟುಕೊಳ್ಳಿ: ಕರಗಿದ ಕಣಗಳು ಎಲ್ಲಿ ಜಾಸ್ತಿಯೋ ನೀರು ಅಲ್ಲಿಗೆ, *ಎರಡೂ ಕಡೆ ಒತ್ತಡ ಸಮ ಇದ್ದಾಗ*. ಈ ಷರತ್ತನ್ನು ಬಿಟ್ಟರೆ ಗಿಡ, ಕಿಡ್ನಿ, ರಕ್ತನಾಳ ಯಾವುದೂ ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯ. ಇಲ್ಲಿ ಎಣಿಸುವುದು ಕಣಗಳನ್ನು, ತೂಕವನ್ನಲ್ಲ. ಸಕ್ಕರೆಯ ಒಂದು ಅಣು ಕರಗಿದರೆ ಒಂದೇ ಕಣ. ಉಪ್ಪು ಕರಗಿದರೆ ಸೋಡಿಯಂ ಒಂದು, ಕ್ಲೋರೈಡ್ ಒಂದು, ಒಟ್ಟು ಎರಡು. ಹೀಗೆ ಎಣಿಸಿದ ಲೆಕ್ಕಕ್ಕೆ ಆಸ್ಮೋಲ್ ಅನ್ನುತ್ತಾರೆ. ನಮ್ಮ ರಕ್ತದ ದ್ರವದಲ್ಲಿ ಇದು ಕಿಲೋಗ್ರಾಂ ನೀರಿಗೆ ಸುಮಾರು 290 ಮಿಲಿಆಸ್ಮೋಲ್.

ಇದನ್ನು ಕಣ್ಣಾರೆ ನೋಡೋಕೆ ಆಗುತ್ತಾ?

ಆಗುತ್ತದೆ. ಸಾಮಾನ್ಯ ಶಾಲಾ ಮೈಕ್ರೋಸ್ಕೋಪ್ ಸಾಕು. ಕೆಂಪು ಈರುಳ್ಳಿಯ ಪದರದ ಹೊರಮೈಯಿಂದ ಬಣ್ಣ ಇರುವ ತೆಳು ಸಿಪ್ಪೆ ಸುಲಿದು ಗಾಜಿನ ಪಟ್ಟಿಯ ಮೇಲೆ ನೀರಲ್ಲಿ ಇಟ್ಟು, ಮೇಲೊಂದು ತೆಳು ಗಾಜು ಮುಚ್ಚಿ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದನೆಯ ಕೋಶಗಳು ಕಾಣುತ್ತವೆ, ಪ್ರತಿಯೊಂದರಲ್ಲೂ ಗೋಡೆಯಿಂದ ಗೋಡೆಗೆ ನೇರಳೆ ಬಣ್ಣ ತುಂಬಿರುತ್ತದೆ. ಈಗ ಮೇಲಿನ ಗಾಜಿನ ಒಂದು ಅಂಚಿಗೆ ನೂರಕ್ಕೆ 5ರಷ್ಟು ಉಪ್ಪು ನೀರಿನ ಹನಿ ಬಿಟ್ಟು, ಎದುರು ಅಂಚಿನಿಂದ ಟಿಶ್ಯೂ ಕಾಗದದಲ್ಲಿ ಹೀರಿಸಿ. ಕೆಲವೇ ನಿಮಿಷಗಳಲ್ಲಿ ಮೂಲೆಗಳಲ್ಲಿ ಬಣ್ಣ ಗೋಡೆ ಬಿಟ್ಟು ಒಳಗೆ ಸರಿಯಲು ಶುರುವಾಗುತ್ತದೆ. ಆಮೇಲೆ ಎಲ್ಲ ಕಡೆಯಿಂದ ಕಳಚಿಕೊಂಡು ನಡುವೆ ಒಂದು ಗಾಢ ನೇರಳೆ ಉಂಡೆ ಉಳಿಯುತ್ತದೆ. ಬಣ್ಣ ಗಾಢವಾಗಿದ್ದು ಯಾಕೆ ಅಂದರೆ ಬಣ್ಣ ಅಷ್ಟೇ ಇದೆ, ನೀರು ಹೊರಗೆ ಹೋಗಿದೆ. ಇದಕ್ಕೆ ಪ್ಲಾಸ್ಮೊಲೈಸಿಸ್ ಅನ್ನುತ್ತಾರೆ.

ಗೋಡೆಗೂ ಉಂಡೆಗೂ ನಡುವಿನ ಖಾಲಿ ಜಾಗದಲ್ಲಿ ಏನಿದೆ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲಿರುವುದು ಉಪ್ಪು ನೀರು. ಹೊರಗೋಡೆ ಉಪ್ಪನ್ನೂ ನೀರನ್ನೂ ಎರಡನ್ನೂ ಬಿಡುತ್ತದೆ, ತಡೆಯುವುದು ಒಳಗಿನ ಪೊರೆ ಮಾತ್ರ. ಉಪ್ಪು ನೀರನ್ನು ತೆಗೆದು ಬರೀ ನೀರು ಹಾಯಿಸಿದರೆ ಉಂಡೆ ಮತ್ತೆ ಊದಿ ಗೋಡೆಗೆ ಅಂಟುತ್ತದೆ. ಈ ವಾಪಸಾತಿಯನ್ನು ನೋಡದೆ ಬಿಡಬೇಡಿ, ಕೋಶ ಇನ್ನೂ ಬದುಕಿದೆ, ಪೊರೆ ಇನ್ನೂ ಹರಿದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಅಭಿಸರಣ ಒತ್ತಡ ಅಂತಾರಲ್ಲ, ಎಷ್ಟಿರುತ್ತೆ ಅದು?

ನಂಬಲು ಕಷ್ಟವಾಗುವಷ್ಟು. 1877ರಲ್ಲಿ ವಿಲ್ಹೆಲ್ಮ್ ಫೆಫರ್ ಮಣ್ಣಿನ ಪಾತ್ರೆಯ ರಂಧ್ರಗಳಲ್ಲಿ ರಾಸಾಯನಿಕ ಪೊರೆ ಬೆಳೆಸಿ ಅಳೆದಾಗ ನೂರಕ್ಕೆ 1ರಷ್ಟು ಸಕ್ಕರೆ ನೀರೇ ಸುಮಾರು 0.7 ವಾಯುಭಾರದಷ್ಟು ಒತ್ತಡ ಕೊಟ್ಟಿತು (1 ವಾಯುಭಾರ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಆ ಅಳತೆಗಳನ್ನು ಹಿಡಿದು ವ್ಯಾಂಟ್ ಹಾಫ್ ಒಂದು ಸರಳ ಸೂತ್ರ ಕೊಟ್ಟರು: ಕಣಗಳ ಸಾಂದ್ರತೆ, ಅನಿಲ ಸ್ಥಿರಾಂಕ, ತಾಪಮಾನ, ಮೂರನ್ನೂ ಗುಣಿಸಿ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೆ ಬಂದಿದ್ದರ ಹಿಂದೆ ಈ ಕೆಲಸವೂ ಇದೆ.

ಆ ಸೂತ್ರದಲ್ಲಿ ದೇಹದ ಉಷ್ಣತೆ, 290 ಮಿಲಿಆಸ್ಮೋಲ್ ಹಾಕಿ ನೋಡಿ. 7 ವಾಯುಭಾರಕ್ಕೂ ಜಾಸ್ತಿ ಬರುತ್ತದೆ, ಅಂದರೆ 75 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಅಷ್ಟು ಒತ್ತಡ ನಮ್ಮ ಕೋಶಗಳನ್ನು ಯಾಕೆ ಸೀಳುವುದಿಲ್ಲ ಅಂದರೆ ಹೊರಗಿನ ದ್ರವದಲ್ಲೂ ಕಣಗಳು ಅಷ್ಟೇ ಇವೆ. ಕೇವಲ 1 ಮಿಲಿಆಸ್ಮೋಲ್ ವ್ಯತ್ಯಾಸವಾದರೂ ಸುಮಾರು 19 ಮಿಲಿಮೀಟರ್ ಪಾದರಸದಷ್ಟು ಒತ್ತಡ.

ತುಂಬಾ ಹೊತ್ತು ನೀರಲ್ಲಿದ್ರೆ ಬೆರಳು ಸುಕ್ಕಾಗುತ್ತಲ್ಲ, ಅದೂ ಅಭಿಸರಣ ತಾನೇ?

ಅಲ್ಲ. ನರಕ್ಕೆ ಪೆಟ್ಟಾದ ಬೆರಳು ಎಷ್ಟು ಹೊತ್ತು ನೀರಲ್ಲಿಟ್ಟರೂ ಸುಕ್ಕಾಗುವುದಿಲ್ಲ. ಚರ್ಮ ಬರೀ ನೀರು ಕುಡಿದು ಸುಕ್ಕಾಗುವುದಾದರೆ ನರ ಇದ್ದರೂ ಇಲ್ಲದಿದ್ದರೂ ಆಗಬೇಕಿತ್ತು ಅಲ್ವಾ? ನರದ ಆದೇಶಕ್ಕೆ ಬೆರಳ ತುದಿಯ ರಕ್ತನಾಳಗಳು ಕಿರಿದಾಗುತ್ತವೆ, ಒಳಗಿನ ಗಾತ್ರ ತಗ್ಗುತ್ತದೆ, ಮೇಲಿನ ಚರ್ಮ ಮಡಿಕೆ ಬೀಳುತ್ತದೆ.

ಪ್ರಾಣಿ ಕೋಶ ಬರೀ ನೀರಲ್ಲಿ ಒಡೆಯುತ್ತೆ, ಗಿಡದ ಕೋಶ ಒಡೆಯಲ್ಲ. ಯಾಕೆ?

ಗೋಡೆ. ಗಿಡದ ಕೋಶದ ಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಕೋಶಭಿತ್ತಿ ಇದೆ. ನೀರು ಒಳಗೆ ಬಂದ ಹಾಗೆ ಪೊರೆ ಗೋಡೆಯನ್ನು ಒತ್ತುತ್ತದೆ, ಗೋಡೆ ವಾಪಸ್ ಒತ್ತುತ್ತದೆ. ಆ ಒತ್ತಡ ಏರುತ್ತಾ ಏರುತ್ತಾ ಅಭಿಸರಣದ ಎಳೆತಕ್ಕೆ ಸಮವಾದಾಗ ನೀರು ಬರುವುದು ನಿಲ್ಲುತ್ತದೆ. ಒಳಗೆ ಇನ್ನೂ ಕಣಗಳು ಜಾಸ್ತಿಯೇ ಇರುತ್ತವೆ, ಆದರೂ ನೀರು ಬರುವುದಿಲ್ಲ. ಮೇಲೆ ಹೇಳಿದ ಷರತ್ತು ಬೇಕಾಗುವುದು ಇಲ್ಲೇ. ಈ ಒಳ ಒತ್ತಡಕ್ಕೆ ಟರ್ಗರ್ ಅಂತ ಹೆಸರು. ಎಲೆಯ ಕೋಶದಲ್ಲಿ ಇದು 5ರಿಂದ 10 ಬಾರ್ (1 ಬಾರ್ ಅಂದರೆ ಹೆಚ್ಚು ಕಡಿಮೆ 1 ವಾಯುಭಾರ) ಇರುವುದು ಸಾಮಾನ್ಯ, ಕಾರಿನ ಟೈರಿನಲ್ಲಿ ಇರುವುದು 2ರ ಆಸುಪಾಸು. ಗಿಡ ಬಾಡಿತು ಅಂದರೆ ಈ ಒತ್ತಡ ಇಳಿಯಿತು ಅಂತಲೇ ಅರ್ಥ.

ನಮ್ಮ ಕೆಂಪು ರಕ್ತಕಣಕ್ಕೆ ಗೋಡೆ ಇಲ್ಲ. ಅದು ಚಪ್ಪಟೆಯಾಗಿ, ನಡುವೆ ತಗ್ಗಾಗಿ ಇರುವುದರಿಂದ ಗುಂಡಗಾಗುವವರೆಗೂ ನೀರು ಹಿಡಿಯುತ್ತದೆ. ಆಮೇಲೆ ಪೊರೆಯೇ ಹಿಗ್ಗಬೇಕು, ಅದು ವಿಸ್ತೀರ್ಣದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲಿಗಿಂತ ಜಾಸ್ತಿ ಹಿಗ್ಗಲಾರದು. ಅಲ್ಲಿಗೆ ಹರಿಯಿತು.

ಟರ್ಗರ್ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರ ಎಲೆಯ ಮೇಲೆ ಕೂತು ಒಂದು ಗುಮ್ಮಟದಂಥ ಕೋಶ ಕಟ್ಟುತ್ತದೆ, ಅದರೊಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ, ನೀರು ನುಗ್ಗಿ ಬಂದು ಒತ್ತಡ 80 ಬಾರ್‌ವರೆಗೂ ಏರುತ್ತದೆ. ಆ ಒತ್ತಡದಲ್ಲೇ ಎಲೆಯ ಚರ್ಮವನ್ನು ತೂತು ಮಾಡಿ ಒಳಗಿಳಿಯುತ್ತದೆ.

## ಪೊರೆ ದಾಟುವ ಬಗ್ಗೆ

ಪೊರೆ ಕೊಬ್ಬಿನದ್ದು ಅಂತೀರಿ, ಕೊಬ್ಬಿಗೂ ನೀರಿಗೂ ಆಗಿಬರಲ್ಲ. ಮತ್ತೆ ನೀರು ಹೇಗೆ ದಾಟುತ್ತೆ?

ಎರಡು ದಾರಿ ಇವೆ. ಪೊರೆ ಎರಡೇ ಅಣುಗಳಷ್ಟು ದಪ್ಪ, ನೀರಿನ ಅಣು ತುಂಬಾ ಚಿಕ್ಕದು, ಹಾಗಾಗಿ ಕೊಬ್ಬಿನ ನಡುವೆಯೇ ಸ್ವಲ್ಪ ಸ್ವಲ್ಪ ನುಸುಳುತ್ತದೆ. ಆದರೆ ಕೆಂಪು ರಕ್ತಕಣ, ಕಿಡ್ನಿಯ ಕೋಶಗಳಲ್ಲಿ ನೀರು ಹೋಗುವ ವೇಗ ಇದರಿಂದ ಹೊಂದುವುದಿಲ್ಲ. ಬೇರೆ ಬಾಗಿಲು ಇರಲೇಬೇಕು ಅನ್ನುವ ಅನುಮಾನ ಬಹಳ ಹಿಂದಿನಿಂದ ಇತ್ತು, ಬಾಗಿಲು ಸಿಕ್ಕಿರಲಿಲ್ಲ.

ಪೀಟರ್ ಆಗ್ರೆ ಅವರ ತಂಡ ರಕ್ತಕಣದ ಬೇರೊಂದು ಪ್ರೋಟೀನ್ ಹುಡುಕುವಾಗ ಯಾರಿಗೂ ಗೊತ್ತಿಲ್ಲದ ಒಂದು ಪ್ರೋಟೀನ್ ಕೈಗೆ ಬಂತು. ಅದರ ಕೆಲಸ ಪತ್ತೆ ಮಾಡಲು ಅವರು ಕಪ್ಪೆಯ ಮೊಟ್ಟೆ ಆರಿಸಿದರು. ಕೊಳದಲ್ಲಿ ಇಡುವ ಈ ಮೊಟ್ಟೆಗಳ ಪೊರೆ ನೀರನ್ನು ತೀರಾ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಕೊಳದಲ್ಲೇ ಒಡೆದುಹೋಗುತ್ತಿದ್ದವು. ಆ ಪ್ರೋಟೀನ್ ತಯಾರಿಸುವ ಆರ್‌ಎನ್‌ಎ ಚುಚ್ಚಿದ ಮೊಟ್ಟೆಗಳನ್ನೂ ಚುಚ್ಚದ ಮೊಟ್ಟೆಗಳನ್ನೂ ತೆಳು ದ್ರಾವಣಕ್ಕೆ ಹಾಕಿದರು. ಚುಚ್ಚದವು ಹಾಗೇ ಕೂತಿದ್ದವು. ಚುಚ್ಚಿದವು ಕೆಲವೇ ನಿಮಿಷಗಳಲ್ಲಿ ಊದಿ ಒಡೆದವು. ಇದು 1992ರ ಮಾತು. ಆ ಪ್ರೋಟೀನೇ ಅಕ್ವಾಪೋರಿನ್, 2003ರಲ್ಲಿ ಆಗ್ರೆ ಅವರಿಗೆ ನೊಬೆಲ್ ಬಂತು.

ಒಂದು ಅಕ್ವಾಪೋರಿನ್ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬಲ್ಲವು. ಆದರೆ ಪ್ರೋಟಾನ್, ಅಂದರೆ ಧನ ಆವೇಶದ ಹೈಡ್ರೋಜನ್ ಕಣ, ಹೋಗುವುದಿಲ್ಲ. ನೀರಿನ ಸಾಲಿನಲ್ಲಿ ಪ್ರೋಟಾನ್ ಅಣುವಿಂದ ಅಣುವಿಗೆ ಜಿಗಿಯುವುದು ಬಹಳ ಸುಲಭ, ಹಾಗಿದ್ದೂ ಈ ಕಾಲುವೆಯ ಒಳಗಿನ ವಿದ್ಯುದಾವೇಶಗಳ ಜೋಡಣೆ ಅದನ್ನು ತಡೆಯುತ್ತದೆ. ತಡೆಯದಿದ್ದರೆ ಕೋಶದ ಆಮ್ಲೀಯತೆಯೇ ಕೆಟ್ಟುಹೋಗುತ್ತಿತ್ತು. ಮನುಷ್ಯರಲ್ಲಿ ಈ ಕುಟುಂಬದ 13 ಪ್ರೋಟೀನ್‌ಗಳಿವೆ. ಕೆಲವು ಗ್ಲಿಸರಾಲನ್ನೂ ಬಿಡುತ್ತವೆ.

ಅಂದ್ರೆ ಅಕ್ವಾಪೋರಿನ್ ನೀರಿನ ಪಂಪ್ ಅನ್ನಿ.

ಇಲ್ಲ, ಇದೊಂದನ್ನು ಒಪ್ಪಿಕೊಳ್ಳಬೇಡಿ. ಅದು ಬರೀ ದಾರಿ. ನೀರು ಯಾವ ಕಡೆ ಹೋಗಬೇಕು ಅಂತ ಅದು ತೀರ್ಮಾನಿಸುವುದಿಲ್ಲ. ಶಕ್ತಿ ಖರ್ಚು ಮಾಡಿ ನೀರನ್ನೇ ತಳ್ಳುವ, ಸೋಡಿಯಂ ಪಂಪ್‌ನಂಥ ಯಂತ್ರ ಕೋಶದಲ್ಲಿ ಇಲ್ಲ. ಕೋಶ ಪಂಪ್ ಮಾಡುವುದು ಅಯಾನುಗಳನ್ನು, ಅಂದರೆ ಸೋಡಿಯಂ, ಕ್ಲೋರೈಡ್ ಥರದ ವಿದ್ಯುದಾವೇಶ ಇರುವ ಕಣಗಳನ್ನು. ಎಲ್ಲಿ ನೀರು ಬೇಕೋ ಅಲ್ಲಿಗೆ ಲವಣ ಸಾಗಿಸುತ್ತದೆ, ನೀರು ಹಿಂದೆಯೇ ಹೋಗುತ್ತದೆ. ಕಣ್ಣೀರು, ಬೆವರು, ಜೊಲ್ಲು, ಕರುಳು ನೀರು ಹೀರುವುದು, ಎಲ್ಲದರ ಹಿಂದೆಯೂ ಇದೇ ಉಪಾಯ.

ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿ ಮಾತ್ರ ನೀರನ್ನೇ ಎತ್ತಿ ಹೊರಗೆ ಹಾಕುತ್ತದಲ್ಲ ಅಂತ ಕೇಳುವವರಿದ್ದಾರೆ. ಸಿಹಿನೀರಲ್ಲಿ ಬದುಕುವ ಅದಕ್ಕೆ ಗೋಡೆ ಇಲ್ಲ, ನೀರು ಸದಾ ಒಳಗೆ ಬರುತ್ತಲೇ ಇರುತ್ತದೆ, ಅದು ಸಂಕೋಚನ ರಸದಾನಿಯಲ್ಲಿ ತುಂಬಿಸಿ ಹೊರಹಾಕುತ್ತದೆ. ಆದರೆ ಆ ರಸದಾನಿ ತುಂಬುವುದು ಹೇಗೆ? ಅಲ್ಲೂ ಪ್ರೋಟಾನ್ ಪಂಪ್‌ಗಳ ಬಲದಿಂದ ಅಯಾನುಗಳು ಮೊದಲು ಒಳಗೆ, ನೀರು ಆಮೇಲೆ.

ಎಲೆಯ ಪತ್ರರಂಧ್ರ ತೆರೆಯುವುದೂ ಹೀಗೇ. ರಂಧ್ರದ ಎರಡು ಬದಿಯ ಕಾವಲು ಕೋಶಗಳಿಗೆ ಪೊಟ್ಯಾಸಿಯಂ ಬಂದಾಗ ನೀರು ಬರುತ್ತದೆ, ಕೋಶಗಳು ಊದಿ ಬಾಗುತ್ತವೆ, ನಡುವೆ ಬಾಯಿ ತೆರೆಯುತ್ತದೆ.

ಕೋಶದ ಪಂಪ್ ನಿಂತುಹೋದ್ರೆ ಏನಾಗುತ್ತೆ?

ಊದುತ್ತದೆ. ಕೋಶದೊಳಗೆ ಪ್ರೋಟೀನ್ ಮುಂತಾದ ದೊಡ್ಡ ಅಣುಗಳಿವೆ, ಅವು ಹೊರಗೆ ಹೋಗಲಾರವು. ಅವುಗಳಲ್ಲಿ ಹೆಚ್ಚಿನವು ಋಣ ಆವೇಶದವು, ಹಾಗಾಗಿ ಧನ ಅಯಾನುಗಳನ್ನು ತಮ್ಮ ಕಡೆ ಇಟ್ಟುಕೊಳ್ಳುತ್ತವೆ. ಸುಮ್ನೆ ಬಿಟ್ಟರೆ ಒಳಗಿನ ಕಣಗಳ ಲೆಕ್ಕ ಯಾವಾಗಲೂ ಹೊರಗಿನದ್ದಕ್ಕಿಂತ ಜಾಸ್ತಿ, ನೀರು ಬರುತ್ತಲೇ ಇರುತ್ತದೆ. ಡೊನಾನ್ ಪರಿಣಾಮ ಅನ್ನುವುದು ಇದಕ್ಕೆ.

ಇದನ್ನು ತಡೆದಿಟ್ಟಿರುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಸೋಡಿಯಂ ಮತ್ತೆ ಒಳಗೆ ಸೋರುತ್ತದೆ ನಿಜ, ಸೋರಿದಷ್ಟನ್ನೂ ಪಂಪ್ ಹೊರಗೆ ಹಾಕುವುದರಿಂದ ಲೆಕ್ಕದಲ್ಲಿ ಅದು ಹೊರಗೇ ಇರುವ ಕಣ. ಒಳಗಿನ ಪ್ರೋಟೀನಿಗೆ ಹೊರಗಿನ ಸೋಡಿಯಂ ಸರಿಸಾಟಿ. ಇದನ್ನು 1957ರಲ್ಲಿ ಗುರುತಿಸಿದವರು ಯೆನ್ಸ್ ಸ್ಕೌ, ಏಡಿಯ ನರದಲ್ಲಿ. ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಒಂದೇ ಕೆಲಸಕ್ಕೆ ಹೋಗುತ್ತದೆ. ರಕ್ತ ಸಿಗದೆ ಎಟಿಪಿ ಮುಗಿದ ಅಂಗದ ಕೋಶಗಳು ಮೊದಲು ತೋರಿಸುವ ಲಕ್ಷಣಗಳಲ್ಲಿ ಊತವೂ ಒಂದು, ಕಾರಣ ಇದೇ.

ಐಸೊಟಾನಿಕ್, ಐಸೊಆಸ್ಮೋಟಿಕ್ ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ, ಇದರಲ್ಲಿ ಎಡವುವವರು ಬಹಳ. ಐಸೊಆಸ್ಮೋಟಿಕ್ ಅಂದರೆ ಕಣಗಳ ಲೆಕ್ಕ ಸಮ, ಅಷ್ಟೇ. ಐಸೊಟಾನಿಕ್ ಅಂದರೆ ಕೋಶವನ್ನು ಅದರಲ್ಲಿ ಹಾಕಿದರೆ ಗಾತ್ರ ಬದಲಾಗುವುದಿಲ್ಲ.

ಎರಡು ಗಾಜಿನ ನಳಿಕೆ ತಗೊಳ್ಳಿ. ಒಂದರಲ್ಲಿ ನೂರಕ್ಕೆ 0.9ರಷ್ಟು ಉಪ್ಪಿನ ದ್ರಾವಣ, ಇನ್ನೊಂದರಲ್ಲಿ 300 ಮಿಲಿಮೋಲ್ ಯೂರಿಯಾ. ಕಣಗಳ ಲೆಕ್ಕ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಎರಡಕ್ಕೂ ಒಂದೊಂದು ಹನಿ ರಕ್ತ ಬಿಟ್ಟರೆ ಉಪ್ಪಿನದ್ದು ಮಬ್ಬಾಗಿ ಕೆಂಪಗೆ ಉಳಿಯುತ್ತದೆ, ಹಿಂದೆ ಅಕ್ಷರ ಇಟ್ಟರೆ ಓದಲಾಗುವುದಿಲ್ಲ. ಯೂರಿಯಾದ್ದು ಕ್ಷಣಗಳಲ್ಲಿ ತಿಳಿಯಾದ ಕೆಂಪು ಆಗುತ್ತದೆ, ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ಕಣಗಳೆಲ್ಲ ಒಡೆದು ಹಿಮೋಗ್ಲೋಬಿನ್ ನೀರಿಗೆ ಬಂದಿದೆ. ಯೂರಿಯಾ ರಕ್ತಕಣದ ಪೊರೆಯನ್ನು ಸಲೀಸಾಗಿ ದಾಟುತ್ತದೆ, ಒಳಗೆ ಬಂದ ಯೂರಿಯಾದ ಜೊತೆ ನೀರೂ ಬರುತ್ತದೆ. ಹೊರಗೆ ಉಳಿಯಲಾರದ ಕಣ ನೀರನ್ನು ಹಿಡಿದಿಡಲಾರದು.

ಡ್ರಿಪ್‌ನಲ್ಲಿ ಬರೀ ಶುದ್ಧ ನೀರು ಯಾಕೆ ಕೊಡಲ್ಲ?

ಸೂಜಿಯ ಹತ್ತಿರದ ರಕ್ತಕಣಗಳು ಒಡೆಯುತ್ತವೆ. ಅದಕ್ಕೇ ನೂರಕ್ಕೆ 0.9ರಷ್ಟು ಉಪ್ಪಿನ ದ್ರಾವಣ ಅಥವಾ 5ರಷ್ಟು ಗ್ಲೂಕೋಸ್ ದ್ರಾವಣ. ಎರಡನೆಯದರಲ್ಲಿ ಗ್ಲೂಕೋಸನ್ನು ಕೋಶಗಳು ಬಳಸಿಕೊಂಡ ಮೇಲೆ ಉಳಿಯುವುದು ನೀರೇ. ಅಂದರೆ ರಕ್ತಕಣ ಒಡೆಯದ ಹಾಗೆ ನೀರು ಕೊಡುವ ದಾರಿ ಅದು.

ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ? ಶಕ್ತಿಗಾ?

ಶಕ್ತಿ ಎರಡನೆಯ ಮಾತು. ಕರುಳಿನ ಕೋಶದಲ್ಲಿ ಒಂದು ವಾಹಕ ಪ್ರೋಟೀನ್ ಇದೆ, ಅದು ಒಂದು ಗ್ಲೂಕೋಸ್ ಅಣುವನ್ನೂ ಎರಡು ಸೋಡಿಯಂ ಅಯಾನುಗಳನ್ನೂ ಒಟ್ಟಿಗೇ ಒಳಗೆ ತರುತ್ತದೆ. ಒಂದಿಲ್ಲದೆ ಇನ್ನೊಂದು ಬರುವುದಿಲ್ಲ. ಇವು ಬಂದರೆ ನೀರು ಹಿಂದೆಯೇ ಬರುತ್ತದೆ. ಕಾಲರಾದ ವಿಷ ಕರುಳಿನಿಂದ ಕ್ಲೋರೈಡ್ ಹೊರಗೆ ಸುರಿಯುವಂತೆ ಮಾಡುತ್ತದೆ, ಸೋಡಿಯಂ ಮತ್ತು ನೀರು ಅದರ ಹಿಂದೆ ಹೋಗುತ್ತವೆ. ಆದರೆ ಈ ಜೋಡಿ ವಾಹಕಕ್ಕೆ ಆ ವಿಷ ಏನೂ ಮಾಡುವುದಿಲ್ಲ. ಭೇದಿ ನಡೆಯುತ್ತಿರುವಾಗಲೇ ಬಾಯಿಯಿಂದ ಕುಡಿಸಿ ಜೀವ ಉಳಿಸಲು ಆಗುವುದು ಇದರಿಂದ.

ಅಳತೆ ತಪ್ಪಬಾರದು. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳುವ ಮಿಶ್ರಣದಲ್ಲಿ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಒಟ್ಟು 245 ಮಿಲಿಆಸ್ಮೋಲ್, ಅಂದರೆ ರಕ್ತಕ್ಕಿಂತ ಸ್ವಲ್ಪ ತೆಳು. ರುಚಿಗೆ ಅಂತ ಸಕ್ಕರೆ ಜಾಸ್ತಿ ಸುರಿದರೆ ನೀರು ಉಲ್ಟಾ ಕರುಳಿನೊಳಕ್ಕೇ ಬಂದು ಭೇದಿ ಹೆಚ್ಚುತ್ತದೆ.

## ಒತ್ತಡದಿಂದ ಹರಿಯುವ ಬಗ್ಗೆ

ವಿಸರಣ ಇದೆಯಲ್ಲ, ಒತ್ತಡದ ಹರಿವು ಯಾಕೆ ಬೇಕು?

ದೂರ. ಸಣ್ಣ ಅಣುವೊಂದು ನೀರಲ್ಲಿ ವಿಸರಣದಿಂದ 10 ಮೈಕ್ರೋಮೀಟರ್, ಅಂದರೆ ಒಂದು ಕೋಶದಷ್ಟು ದೂರ ಹೋಗಲು ಸುಮಾರು 0.05 ಸೆಕೆಂಡ್ ಸಾಕು. 1 ಸೆಂಟಿಮೀಟರ್‌ಗೆ ಸುಮಾರು 14 ಗಂಟೆ. 1 ಮೀಟರ್‌ಗೆ ಸುಮಾರು 16 ವರ್ಷ. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ಕೋಶದ ಅಳತೆಯಲ್ಲಿ ವಿಸರಣ ಸಾಕು, ದೇಹದ ಅಳತೆಯಲ್ಲಿ ದ್ರವವೇ ಹರಿಯಬೇಕು, ಹರಿಯಲು ಒತ್ತಡದ ವ್ಯತ್ಯಾಸ ಬೇಕು.

ಮರದ ತುದಿಗೆ ನೀರು ಹೇಗೆ ಏರುತ್ತೆ? ಬೇರು ಕೆಳಗಿಂದ ತಳ್ಳುತ್ತಾ?

ತಳ್ಳುವುದು ಸ್ವಲ್ಪ, ಎಳೆಯುವುದೇ ಹೆಚ್ಚು. ಎಲೆಯಿಂದ ನೀರು ಆವಿಯಾದಾಗ ಕೋಶಭಿತ್ತಿಯ ಅತಿ ಸಣ್ಣ ರಂಧ್ರಗಳಲ್ಲಿ ನೀರಿನ ಮೈ ಒಳಕ್ಕೆ ಬಾಗುತ್ತದೆ, ಆ ಬಾಗಿದ ಮೈ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಂಡಿರುವುದರಿಂದ ಆ ಎಳೆತ ನೀರು ಸಾಗಿಸುವ ಕ್ಸೈಲಂ ನಾಳದುದ್ದಕ್ಕೂ ಬೇರಿನವರೆಗೆ ಹೋಗುತ್ತದೆ. ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಇದನ್ನು ಹೇಳಿದಾಗ ನಂಬಿದವರು ಕಡಿಮೆ, ಯಾಕೆಂದರೆ ಒಳಗಿನ ಒತ್ತಡ ಸೊನ್ನೆಗಿಂತಲೂ ಕೆಳಗಿರಬೇಕಾಗುತ್ತದೆ. ಹೌದು, ಹಾಗೇ ಇರುತ್ತದೆ. 10ರಿಂದ 20 ಬಾರ್ ಎಳೆತ ಸಾಮಾನ್ಯ.

ಇದನ್ನು ಅಳೆಯುವ ರೀತಿ ನನಗೆ ಬಹಳ ಇಷ್ಟ. ಕತ್ತರಿಸಿದ ರೆಂಬೆಯನ್ನು ಎಲೆ ಒಳಗೆ, ಕತ್ತರಿಸಿದ ತುದಿ ಹೊರಗೆ ಇರುವ ಹಾಗೆ ಉಕ್ಕಿನ ಡಬ್ಬಿಯಲ್ಲಿ ಬಿಗಿದು, ಒಳಗೆ ಅನಿಲದ ಒತ್ತಡ ಏರಿಸುತ್ತಾ ಹೋಗುತ್ತಾರೆ. ಕತ್ತರಿಸಿದ ಕ್ಷಣ ಒಳಕ್ಕೆ ಜಾರಿದ್ದ ನೀರು ಒಂದು ಹಂತದಲ್ಲಿ ತುದಿಗೆ ವಾಪಸ್ ಬಂದು ಮಿನುಗುತ್ತದೆ. ಆಗ ಮಾಪಕ ತೋರಿಸುವ ಒತ್ತಡವೇ ಮೊದಲಿದ್ದ ಎಳೆತ. 1965ರಲ್ಲಿ ಶೋಲ್ಯಾಂಡರ್ ಮತ್ತು ಸಂಗಡಿಗರು ಈ ಉಪಕರಣದಿಂದ ಸಮುದ್ರದಂಚಿನ ಮ್ಯಾಂಗ್ರೋವ್ ಗಿಡಗಳನ್ನೂ ಅಳೆದರು. ಸಮುದ್ರದ ನೀರಿನ ಅಭಿಸರಣ ಒತ್ತಡವೇ ಸುಮಾರು 25 ಬಾರ್, ಆ ಗಿಡಗಳು ಅದಕ್ಕೂ ಜಾಸ್ತಿ ಎಳೆಯುತ್ತವೆ. ಬೇರು ಉಪ್ಪನ್ನು ಹೊರಗೇ ಬಿಟ್ಟು ನೀರನ್ನು ಮಾತ್ರ ಒಳಗೆ ಬಿಡುತ್ತದೆ.

ಸಕ್ಕರೆಯ ಸಾಗಾಟ ಬೇರೆ ನಾಳದಲ್ಲಿ. ಎಲೆಯಲ್ಲಿ ಫ್ಲೋಯಂ ಅನ್ನುವ ಆ ನಾಳಕ್ಕೆ ಸಕ್ಕರೆ ತುಂಬಿದಾಗ ನೀರು ಬಂದು ಒತ್ತಡ ಏರುತ್ತದೆ, ಬೇರು ಅಥವಾ ಕಾಯಿಯಲ್ಲಿ ಸಕ್ಕರೆ ಇಳಿಸಿಕೊಂಡಾಗ ನೀರು ಹೊರಬಿದ್ದು ಒತ್ತಡ ಇಳಿಯುತ್ತದೆ, ನಡುವೆ ರಸ ಹರಿಯುತ್ತದೆ. 1930ರಲ್ಲಿ ಮ್ಯುಂಕ್ ಕೊಟ್ಟ ವಿವರಣೆ ಇದು. ಒಳಗೆ ನಿಜಕ್ಕೂ ಒತ್ತಡ ಇದೆ ಅನ್ನುವುದಕ್ಕೆ ಗಿಡಹೇನು ಸಾಕ್ಷಿ: ಅದು ಫ್ಲೋಯಂಗೆ ಚುಚ್ಚಿದ ಸೂಜಿಯಂಥ ಬಾಯಿಯನ್ನು ಮಾತ್ರ ಉಳಿಸಿ ಹೇನನ್ನು ಕತ್ತರಿಸಿ ತೆಗೆದರೂ ಅದರಿಂದ ರಸ ಜಿನುಗುತ್ತಲೇ ಇರುತ್ತದೆ.

ಕಿಡ್ನಿ ದಿನಕ್ಕೆ 180 ಲೀಟರ್ ಸೋಸುತ್ತೆ ಅಂತಾರೆ. ಅಷ್ಟು ನೀರು ಎಲ್ಲಿ ಹೋಗುತ್ತೆ?

ವಾಪಸ್ ರಕ್ತಕ್ಕೆ. ಸೋಸುವಾಗ ಕೆಲಸ ಮಾಡುವುದು ರಕ್ತದ ಒತ್ತಡ, ವಾಪಸ್ ತರುವಾಗ ಕೆಲಸ ಮಾಡುವುದು ಲವಣದ ಪಂಪ್ ಮತ್ತು ಅಭಿಸರಣ. ಸೋಸಿದ್ದರಲ್ಲಿ ಮೂರನೇ ಎರಡು ಪಾಲು ಕಿಡ್ನಿಯ ಸಣ್ಣ ಕೊಳವೆಗಳ ಮೊದಲ ಭಾಗದಲ್ಲೇ ಸೋಡಿಯಂನ ಹಿಂದೆ ಮರಳುತ್ತದೆ. ಕೊನೆಯ ತೀರ್ಮಾನ ಆ ಕೊಳವೆಗಳು ಹೋಗಿ ಸೇರುವ ಸಂಗ್ರಾಹಕ ನಾಳದಲ್ಲಿ. ಕಿಡ್ನಿಯ ಒಳಭಾಗವನ್ನು 1200 ಮಿಲಿಆಸ್ಮೋಲ್‌ವರೆಗೂ ಉಪ್ಪು, ಯೂರಿಯಾದಿಂದ ಗಾಢ ಮಾಡಿ ಇಟ್ಟಿರುತ್ತದೆ. ನೀರು ಕಡಿಮೆಯಾದಾಗ ಮೆದುಳಿನಿಂದ ವಾಸೊಪ್ರೆಸಿನ್ ಹಾರ್ಮೋನ್ ಬರುತ್ತದೆ, ಅದರ ಆಜ್ಞೆಗೆ ಅಕ್ವಾಪೋರಿನ್-2 ಕೋಶದೊಳಗಿನ ಚೀಲಗಳಿಂದ ಪೊರೆಗೆ ಬಂದು ಕೂರುತ್ತದೆ, ನೀರು ಆ ಗಾಢ ಭಾಗಕ್ಕೆ ಹೋಗಿ ರಕ್ತ ಸೇರುತ್ತದೆ. ಈ ಹಾರ್ಮೋನ್ ಇಲ್ಲದವರು ದಿನಕ್ಕೆ 15 ಲೀಟರಿಗೂ ಜಾಸ್ತಿ ಮೂತ್ರ ಮಾಡಬಹುದು.

## ಆಳಕ್ಕೆ ಇಳಿಯುವವರಿಗೆ

ಅಭಿಸರಣ ಅಂದ್ರೆ ನೀರಿನ ವಿಸರಣ ಅಷ್ಟೇ ಅಂತ ಓದಿದ್ದೀನಿ. ಸರಿನಾ?

ಕಾಲುವೆ ಇಲ್ಲದ ಬರೀ ಕೊಬ್ಬಿನ ಪೊರೆಗೆ ಹೆಚ್ಚು ಕಡಿಮೆ ಸರಿ. ರಂಧ್ರ ಇರುವ ಪೊರೆಗೆ ಸರಿಯಲ್ಲ. ಗುರುತು ಹಚ್ಚಿದ ನೀರಿನಿಂದ ವಿಸರಣದ ವೇಗ ಅಳೆದು, ಅದೇ ಪೊರೆಯಲ್ಲಿ ಅಭಿಸರಣದ ವೇಗವನ್ನೂ ಅಳೆದರೆ ಎರಡನೆಯದು ಹಲವು ಪಟ್ಟು ಜಾಸ್ತಿ ಬರುತ್ತದೆ.

ಯಾಕೆ ಅಂತ ನೋಡೋಣ. ರಂಧ್ರದ ಬಾಯಿಗೆ ಬಂದ ಸಕ್ಕರೆ ಅಣುವನ್ನು ಪೊರೆ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಸುತ್ತಲಿನ ನೀರಿಗೂ ತಾಗುತ್ತದೆ, ಹಾಗಾಗಿ ರಂಧ್ರದೊಳಗೆ ಆ ಕಡೆಯ ತುದಿಯಲ್ಲಿ ನೀರಿನ ಒತ್ತಡ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ ಇಳಿದಿಲ್ಲ. ಈಗ ರಂಧ್ರದುದ್ದಕ್ಕೂ ನಿಜವಾದ ಒತ್ತಡದ ವ್ಯತ್ಯಾಸ ಇದೆ, ನೀರು ಒಟ್ಟಿಗೆ ಹರಿಯುತ್ತದೆ. ಅದಕ್ಕೇ ಪೊರೆಯ ಮೇಲೆ 1 ಬಾರ್ ಒತ್ತಡ ಹಾಕಿದರೂ, 1 ಬಾರ್‌ನಷ್ಟು ಅಭಿಸರಣದ ವ್ಯತ್ಯಾಸ ಕೊಟ್ಟರೂ ಹರಿವು ಒಂದೇ. ಎರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ಕಳೆಯಬಹುದು ಅನ್ನುವುದು ಇದರಿಂದ ಬಂದ ಸತ್ಯ. ಕಣಗಳು ನೀರನ್ನು ಅಂಟಿಸಿಕೊಂಡು ಎಳೆಯುತ್ತವೆ ಅನ್ನುವ ವಿವರಣೆ ಮಾತ್ರ ಬೇಡವೇ ಬೇಡ.

ಪ್ರತಿಫಲನ ಗುಣಾಂಕ ಅಂದ್ರೇನು? ಸುಲಭವಾಗಿ ಹೇಳಿ.

ಪೊರೆ ಒಂದು ವಸ್ತುವನ್ನು ಎಷ್ಟು ಚೆನ್ನಾಗಿ ತಡೆಯುತ್ತದೆ ಅನ್ನುವ ಅಂಕ. ಪೂರ್ತಿ ತಡೆದರೆ 1, ನೀರಿನಷ್ಟೇ ಸಲೀಸಾಗಿ ಬಿಟ್ಟರೆ 0. 1951ರಲ್ಲಿ ಸ್ಟಾವರ್‌ಮನ್ ಇದನ್ನು ತಂದರು, 1958ರಲ್ಲಿ ಕೆಡೆಮ್ ಮತ್ತು ಕಚಾಲ್ಸ್ಕಿ ಜೀವಕೋಶದ ಪೊರೆಗೆ ಹೊಂದಿಸಿದರು. ಅವರ ಲೆಕ್ಕ ಮಾತಿನಲ್ಲಿ ಹೀಗೆ: ಒತ್ತಡದ ವ್ಯತ್ಯಾಸದಿಂದ, ಈ ಅಂಕದಿಂದ ಗುಣಿಸಿದ ಅಭಿಸರಣ ವ್ಯತ್ಯಾಸವನ್ನು ಕಳೆಯಿರಿ, ಉಳಿದದ್ದನ್ನು ಪೊರೆಯ ನೀರು ಬಿಡುವ ಗುಣದಿಂದ ಗುಣಿಸಿದರೆ ಹರಿವು. ಅಂಕ 1ಕ್ಕಿಂತ ಕಡಿಮೆ ಇದ್ದರೆ ಹರಿಯುವ ನೀರು ಆ ವಸ್ತುವನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ.

ಒಂದೇ ಉಪ್ಪಿಗೆ ಜಾಗ ಬದಲಾದ ಹಾಗೆ ಅಂಕ ಬದಲಾಗುತ್ತದೆ. ಕೋಶದ ಪೊರೆಯಲ್ಲಿ ಹೆಚ್ಚು ಕಡಿಮೆ 1. ಸ್ನಾಯುವಿನ ಲೋಮನಾಳದ (ಅತಿ ಸಣ್ಣ ರಕ್ತನಾಳದ) ಗೋಡೆಯಲ್ಲಿ ತೀರಾ ಕಡಿಮೆ, ಅಲ್ಲಿ ತಡೆಯಲಾಗುವುದು ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್ ಮಾತ್ರ. ಮೆದುಳಿನ ಲೋಮನಾಳದಲ್ಲಿ ಮತ್ತೆ 1ರ ಹತ್ತಿರ. ಮೆದುಳು ಊದಿದಾಗ ಗಾಢ ಮ್ಯಾನಿಟಾಲ್ ಅಥವಾ ಉಪ್ಪಿನ ದ್ರಾವಣ ಕೊಟ್ಟು ನೀರೆಳೆಯಲು ಆಗುವುದು ಇದರಿಂದಲೇ.

ಲೋಮನಾಳದ ಒಂದು ತುದಿಯಲ್ಲಿ ದ್ರವ ಹೊರಗೆ, ಇನ್ನೊಂದು ತುದಿಯಲ್ಲಿ ಒಳಗೆ. ಇದು ಈಗಲೂ ನಿಜಾನಾ?

ಮೊದಲರ್ಧ ನಿಜ. 1896ರಲ್ಲಿ ಸ್ಟಾರ್ಲಿಂಗ್ ತೋರಿಸಿದ ಮೂಲ ತತ್ವ ಗಟ್ಟಿಯಾಗಿಯೇ ಇದೆ: ರಕ್ತದೊತ್ತಡ ದ್ರವವನ್ನು ಹೊರಗೆ ತಳ್ಳುತ್ತದೆ, ಪ್ರೋಟೀನ್‌ಗಳ ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಅಭಿಸರಣ ಒತ್ತಡ ಒಳಗೆ ಎಳೆಯುತ್ತದೆ. ಅದರಿಂದ ಬಿಡಿಸಿದ ಚಿತ್ರದಲ್ಲಿ ರಕ್ತದೊತ್ತಡ ಧಮನಿಯ ತುದಿಯಲ್ಲಿ 35, ಅಭಿಧಮನಿಯ ತುದಿಯಲ್ಲಿ 15, ಹಾಗಾಗಿ ಅರ್ಧ ಹೊರಗೆ, ಅರ್ಧ ಒಳಗೆ. ಇದನ್ನು ಅಳತೆಗಳು ಒಪ್ಪುವುದಿಲ್ಲ. ಹೆಚ್ಚಿನ ಅಂಗಾಂಶಗಳಲ್ಲಿ ಲೋಮನಾಳದುದ್ದಕ್ಕೂ ದ್ರವ ಹೊರಗೇ ಸೋರುತ್ತದೆ, ಸೋರುವುದು ಕಡಿಮೆಯಾಗುತ್ತಾ ಹೋಗುತ್ತದೆ ಅಷ್ಟೇ. ಅದನ್ನು ರಕ್ತಕ್ಕೆ ವಾಪಸ್ ತರುವುದು ದುಗ್ಧರಸ (ಲಿಂಫ್) ನಾಳಗಳು. ಕಾರಣ, ಎಳೆತ ಉಂಟಾಗುವುದು ನಾಳದ ಒಳಮೈಗೆ ಅಂಟಿರುವ ಗ್ಲೈಕೋಕ್ಯಾಲಿಕ್ಸ್ ಅನ್ನುವ ಸಕ್ಕರೆ-ಪ್ರೋಟೀನ್ ಪದರದ ಎರಡು ಬದಿಗಳ ನಡುವೆ. ಕರುಳು ಮತ್ತು ಕಿಡ್ನಿಯ ಹೀರುವ ಲೋಮನಾಳಗಳು ಇದಕ್ಕೆ ಹೊರತು, ಅಲ್ಲಿ ಪಕ್ಕದ ಕೋಶಗಳು ಪ್ರೋಟೀನ್ ಇಲ್ಲದ ತಾಜಾ ದ್ರವವನ್ನು ಸದಾ ತಂದು ಸುರಿಯುತ್ತಿರುತ್ತವೆ.

ತಾನು ಊದಿದ್ದೀನಿ ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತೆ?

ಬ್ಯಾಕ್ಟೀರಿಯಾದಲ್ಲಿ ಉತ್ತರ ಸ್ಪಷ್ಟ. ಈ.ಕೋಲಿಯ ಪೊರೆಯಲ್ಲಿ ಬಿಗಿತಕ್ಕೆ ತೆರೆಯುವ ಕಾಲುವೆಗಳಿವೆ. ಹಠಾತ್ತಾಗಿ ಬರೀ ನೀರಿಗೆ ಬಿದ್ದಾಗ ಪೊರೆ ಹಿಗ್ಗುತ್ತದೆ, ಇನ್ನೇನು ಹರಿಯಬೇಕು ಅನ್ನುವಷ್ಟರಲ್ಲಿ ಎಂಎಸ್‌ಸಿಎಲ್ ಅನ್ನುವ ಕಾಲುವೆ ಸುಮಾರು 3 ನ್ಯಾನೋಮೀಟರ್ ಅಗಲಕ್ಕೆ ತೆರೆಯುತ್ತದೆ, ಒಳಗಿನ ಸಣ್ಣ ಅಣುಗಳು ಸಿಕ್ಕಾಪಟ್ಟೆ ಹೊರಗೆ ಹೋಗಿ ಒತ್ತಡ ಇಳಿಯುತ್ತದೆ. ಪೌಷ್ಟಿಕ ವಸ್ತುಗಳೂ ಹೋಗುತ್ತವೆ, ಜೀವ ಉಳಿಯುತ್ತದೆ. ನಮ್ಮ ಕೋಶಗಳಲ್ಲಿ ಊದಿದಾಗ ಕ್ಲೋರೈಡ್ ಮತ್ತು ಟೌರಿನ್‌ನಂಥ ಸಣ್ಣ ಅಣುಗಳನ್ನು ಬಿಡುವ ಕಾಲುವೆ ಇದೆ. ಅದರ ಪ್ರೋಟೀನ್ ಯಾವುದು ಅಂತ ಎರಡು ತಂಡಗಳು 2014ರಲ್ಲಿ ಬೇರೆಬೇರೆಯಾಗಿ ಪತ್ತೆ ಮಾಡಿದವು.

ರಕ್ತದಲ್ಲಿ ಸೋಡಿಯಂ ಕಡಿಮೆ ಅಂದ್ರೆ ಬೇಗ ತುಂಬಿಸಬಹುದಲ್ವಾ? ಡಾಕ್ಟರ್ ಯಾಕೆ ನಿಧಾನ ಮಾಡ್ತಾರೆ?

ಕಡಿಮೆಯಾದದ್ದು ಯಾವಾಗ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸೋಡಿಯಂ ಕೆಲವೇ ಗಂಟೆಗಳಲ್ಲಿ ಕುಸಿದರೆ ನೀರು ಮೆದುಳಿನ ಕೋಶಗಳಿಗೆ ನುಗ್ಗುತ್ತದೆ, ತಲೆಬುರುಡೆಯೊಳಗೆ ಹಿಗ್ಗಲು ಜಾಗ ಇಲ್ಲ, ತಲೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು. ಆಗ ಗಾಢ ಉಪ್ಪಿನ ದ್ರಾವಣ ಸ್ವಲ್ಪ ಕೊಟ್ಟು ತಕ್ಷಣ ಅಪಾಯ ತಪ್ಪಿಸುತ್ತಾರೆ. ಆದರೆ ನಿಧಾನವಾಗಿ ಕಡಿಮೆಯಾದರೆ ಮೆದುಳಿನ ಕೋಶಗಳು ಎರಡು ದಿನಗಳಷ್ಟರಲ್ಲಿ ಹೊಂದಿಕೊಂಡಿರುತ್ತವೆ. ಪೊಟ್ಯಾಸಿಯಂ, ಟೌರಿನ್, ಇನೋಸಿಟಾಲ್ ಮುಂತಾದವನ್ನು ಹೊರಗೆ ಹಾಕಿ ಹಳೆಯ ಗಾತ್ರಕ್ಕೆ ಬಂದಿರುತ್ತವೆ. ಈ ಸ್ಥಿತಿಯಲ್ಲಿ ಹೊರಗಿನ ಸೋಡಿಯಂ ಒಮ್ಮೆಲೇ ಏರಿಸಿದರೆ ಒಳಗೆ ಕಣಗಳಿಲ್ಲದ ಕೋಶ ಮುದುಡುತ್ತದೆ, ಹೊರಹಾಕಿದ್ದನ್ನು ಮತ್ತೆ ಕೂಡಿಹಾಕಲು ಅದಕ್ಕೆ ದಿನಗಳು ಬೇಕು. ನರತಂತುಗಳ ಸುತ್ತಲಿನ ಮೈಲಿನ್ ಕವಚ ಹಾಳಾಗುತ್ತದೆ, ಕೆಲವು ದಿನ ಬಿಟ್ಟು ಮಾತು, ನುಂಗುವುದು, ಕೈಕಾಲು ಕೈಕೊಡಬಹುದು. ಅದಕ್ಕೇ ಸಾಮಾನ್ಯವಾಗಿ 24 ಗಂಟೆಗೆ ಲೀಟರಿಗೆ 8ರಿಂದ 10 ಮಿಲಿಮೋಲ್‌ಗಿಂತ ಜಾಸ್ತಿ ಏರಿಸುವುದಿಲ್ಲ, ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುತ್ತಿರುತ್ತಾರೆ.